ಬಿಡ್ತು ಅನ್ನುವ ಮನೆಯಲ್ಲಿ ಒಂದು ಉಯಿಲು

ಪಾಳಿ ಬದಲಾಯಿಸಿಕೊಂಡು ಬಂದು ಹಿಂದಿನ ಸಾಲಿನಲ್ಲಿ ಕುಳಿತಿರುವ ಆಸ್ಪತ್ರೆಯ ದಾದಿಯರಿಗೆ ನಮಸ್ಕಾರ. ನಾನು ಹೇಳಹೊರಟಿರುವುದರಲ್ಲಿ ಅರ್ಧ ಭಾಗ ನನಗಿಂತ ಅವರಿಗೇ ಚೆನ್ನಾಗಿ ಗೊತ್ತು.

ಈ ಉಪನ್ಯಾಸಕ್ಕೆ ದತ್ತಿ ಇಟ್ಟವರು ಒಬ್ಬ ತಾಯಿ. ಗಂಡ ಗಂಟಲ ಕ್ಯಾನ್ಸರಿನಲ್ಲಿ ತೀರಿಕೊಂಡ ಮೇಲೆ ಬ್ಯಾಂಕು, ನಾಡಕಚೇರಿ, ಕೋರ್ಟು ಎಂದು ಮೂರು ವರ್ಷ ಅಲೆದರು. ಕೊನೆಗೆ ಕೈಗೆ ಬಂದ ದುಡ್ಡಿನಲ್ಲಿ ಒಂದು ಪಾಲು ತೆಗೆದಿಟ್ಟು, ‘ನಾನು ಅಲೆದ ಹಾಗೆ ಇನ್ನೊಬ್ಳು ಅಲೆಯೋದು ಬೇಡ, ವರ್ಷಕ್ಕೊಂದ್ಸಲ ಯಾರಾದ್ರೂ ಬಂದು ನಾಕು ಮಾತು ಹೇಳ್ಲಿ’ ಎಂದರು. ಹೆಸರು ಮಾತ್ರ ಹಾಕಬೇಡಿ ಎಂದು ಕೇಳಿಕೊಂಡರು. ಅವರು ಈ ಸಭೆಯಲ್ಲೇ ಇದ್ದಾರೆ. ಅಮ್ಮಾ, ನಿಮ್ಮ ಮಾತಿಗೆ ತಪ್ಪದಂತೆ ನಾನು ಕೆಲಸಕ್ಕೆ ಬರುವುದನ್ನೇ ಹೇಳಲು ನೋಡುತ್ತೇನೆ.

ನಮ್ಮ ಕಡೆ ಯಾರಾದರೂ ‘ನಾನು ಹೋದ್ಮೇಲೆ’ ಎಂದು ಬಾಯಿ ತೆಗೆದರೆ ಸಾಕು, ಪಕ್ಕದಲ್ಲಿದ್ದವರು ‘ಬಿಡ್ತು ಅನ್ನಿ’ ಎನ್ನುತ್ತಾರೆ. ಆಡಿದವರು ‘ಬಿಡ್ತು’ ಎನ್ನುತ್ತಾರೆ. ಮಾತು ಅಲ್ಲಿಗೆ ನಿಲ್ಲುತ್ತದೆ. ನಾನೂ ಹಾಗೆ ಹೇಳಿ, ಹೇಳಿಸಿಕೊಂಡು ಬೆಳೆದವಳು. ಅದರಲ್ಲಿ ಪ್ರೀತಿಯಿದೆ, ಹೆದರಿಕೆಯೂ ಇದೆ. ಆದರೆ ವಾಸಿಯಾಗದ ಕಾಯಿಲೆಯೊಂದು ಮನೆಯೊಳಗೆ ಬಂದು ಕೂತಾಗ ಈ ಒಂದು ಮಾತು ಎಷ್ಟು ತುಟ್ಟಿ ಎಂಬುದನ್ನು ಮೂವತ್ತು ವರ್ಷದಿಂದ ಕೋರ್ಟಿನ ಜಗಲಿಯಲ್ಲಿ ನಿಂತು ನೋಡಿದ್ದೇನೆ.

ಕಾನೂನು ಬಡವರ ಕೈಗೆ ಎಟುಕುವುದಿಲ್ಲ ಎನ್ನುತ್ತಾರೆ. ಬೇರೆ ವಿಷಯಗಳಲ್ಲಿ ಅದು ನಿಜವೇ. ಸಾವಿನ ಹಾಸಿಗೆ ಇರುವ ಮನೆಯ ಮಟ್ಟಿಗೆ ಮಾತ್ರ ನಾನು ಒಪ್ಪುವುದಿಲ್ಲ. ಕಾಯಿಲೆಯವರ ಬುದ್ಧಿ ನೆಟ್ಟಗಿದ್ದು ಬೆರಳು ಆಡುತ್ತಿರುವ ತನಕ ಬೇಕಾದ ಕಾಗದಗಳಲ್ಲಿ ಹೆಚ್ಚಿನವು ಬಿಳಿ ಹಾಳೆಯ ಬೆಲೆಗೆ ಆಗುತ್ತವೆ. ಆ ಬೆರಳು ನಿಂತ ಮರುದಿನದಿಂದ ಅದೇ ಕೆಲಸಕ್ಕೆ ಕೋರ್ಟು ಶುಲ್ಕ, ವಕೀಲರ ಫೀಸು, ವರ್ಷಗಟ್ಟಲೆ ವಾಯಿದೆ. ಆ ಅಗ್ಗದ ದಿನಗಳನ್ನು ನಾವು ಕಳೆದುಕೊಳ್ಳುವುದು ಒಂದೇ ಕಾರಣಕ್ಕೆ. ಡಾಕ್ಟರನ್ನು ಬಾಗಿಲಾಚೆ ಕರೆದು, ‘ಅವರಿಗೆ ಮಾತ್ರ ಹೇಳ್ಬೇಡಿ’ ಎಂದು ಕೈ ಮುಗಿಯುತ್ತೇವಲ್ಲ, ಅದಕ್ಕೆ. ಕಾಯಿಲೆ ಏನೆಂದು ತಿಳಿಯದವರು ಉಯಿಲು ಬರೆಯುವುದು ಹೇಗೆ? ಆಸ್ತಿ ಅವರದು, ಮೈ ಅವರದು, ಮಕ್ಕಳು ಅವರವು, ಸಹಿ ಅವರದು. ಸುದ್ದಿ ಮಾತ್ರ ಅವರಿಗಿಲ್ಲ.

ಇದನ್ನು ನಾನು ಕಲಿತದ್ದು ನಮ್ಮ ಮನೆಯಲ್ಲೇ. ನಮ್ಮಣ್ಣ ಒಂದು ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ದುಡಿದ. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಎಂದು ಗೊತ್ತಾದಾಗ ಅವನಿಗೆ ‘ಹೊಟ್ಟೆಯಲ್ಲಿ ಹುಣ್ಣು’ ಎಂದು ಹೇಳಿದೆವು. ಚಿಕಿತ್ಸೆಗೆ ದುಡ್ಡು ಸಾಲದೇ ಬಂದಾಗ ಮನೆಯವರೆಲ್ಲ ಸೇರಿ, ರಾಜೀನಾಮೆ ಕೊಡಿಸಿದರೆ ಭವಿಷ್ಯನಿಧಿಯ ಹಣವೆಲ್ಲ ಒಟ್ಟಿಗೆ ಬರುತ್ತದೆಂದು ತೀರ್ಮಾನಿಸಿದೆವು. ಕಾಗದ ಹಿಡಿದುಕೊಂಡು ಹೋದವಳು ನಾನೇ. ‘ಹುಣ್ಣು ವಾಸಿಯಾದ್ಮೇಲೆ ಕೆಲಸಕ್ಕೆ ಹೋಗ್ಬೇಕಲ್ಲೇ, ರಾಜೀನಾಮೆ ಯಾಕೆ?’ ಎಂದು ಕೇಳಿದ. ಏನೋ ಒಂದು ಹೇಳಿದೆ. ಸಹಿ ಹಾಕಿದ. ಏಳು ವಾರಕ್ಕೆ ಹೋಗಿಬಿಟ್ಟ, ಹಣ ಇನ್ನೂ ಬಂದಿರಲಿಲ್ಲ.

ಆಗ ನಾನು ಹನ್ನೆರಡು ವರ್ಷದ ವಕೀಲೆ. ಭವಿಷ್ಯನಿಧಿಯ ಜೊತೆಗೇ ಒಂದು ವಿಮೆ ಇರುತ್ತದೆ, ಇಡಿಎಲ್‌ಐ ಎನ್ನುತ್ತಾರೆ. ನೌಕರನ ಸಂಬಳದಿಂದ ಅದಕ್ಕೆ ಒಂದು ಪೈಸೆಯನ್ನೂ ಹಿಡಿಯುವುದಿಲ್ಲ, ಮಾಲೀಕರೇ ಕಟ್ಟುತ್ತಾರೆ. ಕೆಲಸದಲ್ಲಿರುವಾಗ ನೌಕರ ತೀರಿಕೊಂಡರೆ ಅದು ಮನೆಯವರಿಗೆ ಬರುತ್ತದೆ. ಈಗ ಅದರ ಗರಿಷ್ಠ ಮೊತ್ತ 7 ಲಕ್ಷ ರೂಪಾಯಿ. ಅಣ್ಣ ಕೆಲಸದಲ್ಲಿರಲಿಲ್ಲ, ನಾವೇ ಬಿಡಿಸಿದ್ದೆವು. ಕೆಲಸ ಬಿಡದೆಯೇ ಚಿಕಿತ್ಸೆಗೆಂದು ಭವಿಷ್ಯನಿಧಿಯಿಂದ ಮುಂಗಡ ತೆಗೆಯಬಹುದಿತ್ತು, ಅದನ್ನು ವಾಪಸು ಕಟ್ಟಬೇಕಾಗಿಯೂ ಇರಲಿಲ್ಲ. ಇನ್ನು ನಾಮಿನಿ. ಮದುವೆಗೆ ಮುಂಚೆ ಅಮ್ಮನ ಹೆಸರು ಬರೆದುಕೊಟ್ಟಿದ್ದ. ಮದುವೆಯಾದ ಕೂಡಲೇ ಆ ನಾಮನಿರ್ದೇಶನ ಬಿದ್ದುಹೋಗುತ್ತದೆ ಎಂಬುದು ಭವಿಷ್ಯನಿಧಿ ಯೋಜನೆಯಲ್ಲೇ ಬರೆದಿರುವ ನಿಯಮ. ಹೊಸದಾಗಿ ಬರೆದುಕೊಡಬೇಕೆಂದು ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಅತ್ತಿಗೆ ವಾರಸುದಾರಿಕೆಯ ಕಾಗದ ಹಿಡಿದು ಹನ್ನೊಂದು ತಿಂಗಳು ತಿರುಗಿದರು. ಆ ಹನ್ನೊಂದು ತಿಂಗಳು ನನ್ನ ಕಣ್ಣಿಗೆ ಕಣ್ಣು ಕೊಟ್ಟು ಮಾತಾಡಲಿಲ್ಲ. ಅದು ನ್ಯಾಯವಾಗಿಯೇ ಇತ್ತು.

ಹಾಗಾಗಿ ಸಂಬಳದ ಕೆಲಸದಲ್ಲಿರುವವರ ಮನೆಯವರು ಯಾರಾದರೂ ನನ್ನ ಬಳಿ ಬಂದರೆ ಮೊದಲ ಮಾತು ಇದೇ. ರಾಜೀನಾಮೆ ಕೊಡಬೇಡಿ. ಸಂಬಳವಿಲ್ಲದ ರಜೆಯಾದರೂ ಸರಿ, ಹಾಜರಿ ಪುಸ್ತಕದಲ್ಲಿ ಹೆಸರು ಇರಲಿ. ಗ್ರಾಚ್ಯುಟಿಗೆ ಐದು ವರ್ಷ ತುಂಬಬೇಕೆಂಬ ಷರತ್ತು ಸಾವಿಗೂ ಅಂಗವೈಕಲ್ಯಕ್ಕೂ ಇಲ್ಲ ಎಂಬುದನ್ನು ಮರೆಯಬೇಡಿ. ಆಮೇಲೆ ಬ್ಯಾಂಕಿನ ಪಾಸ್‌ಬುಕ್ಕು ತೆಗೆದು ಮೇ ತಿಂಗಳ ಕೊನೆಯ ಆಸುಪಾಸಿನ ಸಾಲುಗಳನ್ನು ಬೆರಳಿಟ್ಟು ಓದಿ. ಅಲ್ಲಿ 436 ರೂಪಾಯಿ ಕಡಿತವಾಗಿದ್ದರೆ ಅದು ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆಯ ಕಂತು. ಯಾವ ಕಾರಣಕ್ಕೆ ಸಾವಾದರೂ ಮನೆಯವರಿಗೆ 2 ಲಕ್ಷ. ಯಾವಾಗಲೋ ಬ್ಯಾಂಕಿನಲ್ಲಿ ಹಾಕಿದ ಒಂದು ಸಹಿಯಿಂದ ಅದು ವರ್ಷ ವರ್ಷ ಕಡಿತವಾಗುತ್ತಲೇ ಇರುತ್ತದೆ, ಎಷ್ಟೋ ಮನೆಯವರಿಗೆ ಗೊತ್ತೇ ಇರುವುದಿಲ್ಲ. ಕಾಯಿಲೆಯ ಗಲಾಟೆಯಲ್ಲಿ ಆ ದಿನ ಖಾತೆಯಲ್ಲಿ ಹಣವಿಲ್ಲದೆ ಕಂತು ತಪ್ಪಿದ ಮನೆಗಳನ್ನೂ ನೋಡಿದ್ದೇನೆ.

ಇನ್ನು ಉಯಿಲು. ನಮ್ಮ ಪತ್ರ ಬರಹಗಾರರು ಮರಣ ಶಾಸನ ಎನ್ನುತ್ತಾರೆ, ಜನ ವಿಲ್ ಎನ್ನುತ್ತಾರೆ. ಈ ಕಾಗದದ ಸುತ್ತ ಎಷ್ಟು ಹೆದರಿಕೆ ಕಟ್ಟಿಕೊಂಡಿದೆಯೋ ಅಷ್ಟು ಸರಳ ಇದು. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಕಲಂ ಕೇಳುವುದು ಇಷ್ಟೇ. ಬರೆಸಿದವರು ಸಹಿ ಮಾಡಬೇಕು ಅಥವಾ ಗುರುತು ಹಾಕಬೇಕು. ಕೈ ಬರದಿದ್ದರೆ ಅವರ ಎದುರಿಗೇ, ಅವರು ಹೇಳಿದಂತೆ ಇನ್ನೊಬ್ಬರು ಸಹಿ ಹಾಕಬಹುದು. ಇಬ್ಬರು ಸಾಕ್ಷಿಗಳು ಅದನ್ನು ಕಂಡು, ಅವರ ಎದುರಿನಲ್ಲೇ ತಾವೂ ಸಹಿ ಹಾಕಬೇಕು. ಛಾಪಾ ಕಾಗದ ಬೇಡ. ಮುದ್ರಾಂಕ ಶುಲ್ಕವಿಲ್ಲ. ನೋಂದಣಿ ಕಡ್ಡಾಯವಲ್ಲ. ಮಾಡಿಸುತ್ತೇವೆಂದರೂ ಕಾಯಿಲೆಯವರನ್ನು ಹೊತ್ತುಕೊಂಡು ಸಬ್ ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲು ಹತ್ತಬೇಕಾಗಿಲ್ಲ. ತಕ್ಕ ಕಾರಣ ತೋರಿಸಿ ಅರ್ಜಿ ಕೊಟ್ಟರೆ ಅಧಿಕಾರಿ ಮನೆಗೇ ಬಂದು ನೋಂದಣಿ ಮಾಡಿಕೊಳ್ಳಲು 1908ರ ನೋಂದಣಿ ಕಾಯ್ದೆಯ 31ನೇ ಕಲಂ ಅವಕಾಶ ಕೊಟ್ಟಿದೆ. ಹೀಗಿದ್ದೂ ಆಕ್ಸಿಜನ್ ಸಿಲಿಂಡರು ಸಮೇತ ಕಾರಿನಲ್ಲಿ ಮಲಗಿಸಿಕೊಂಡು ಬಂದ ಒಬ್ಬ ರೋಗಿಯನ್ನು ಬಿಸಿಲಿನಲ್ಲಿ ಮೂರು ಗಂಟೆ ಕಾಯಿಸಿದ ಒಂದು ಕಚೇರಿಯ ಅಂಗಳವನ್ನು ನಾನು ಮರೆಯಲಾರೆ. ಅಲ್ಲಿ ಯಾರೂ ಆ ಕಲಂ ಬಗ್ಗೆ ಬಾಯಿ ಬಿಡಲಿಲ್ಲ.

ಉಯಿಲು ಬರೆಯುವುದು ಸುಲಭ, ಅದನ್ನು ಕೋರ್ಟಿನಲ್ಲಿ ನಿಲ್ಲಿಸುವುದು ಕಷ್ಟ. ವೆಂಕಟಾಚಲ ಅಯ್ಯಂಗಾರ್ ಮತ್ತು ತಿಮ್ಮಾಜಮ್ಮ ನಡುವಿನ ವ್ಯಾಜ್ಯ ನಮ್ಮ ಮೈಸೂರು ಸೀಮೆಯದು. ಅದರಲ್ಲಿ 1958ರಲ್ಲಿ ಬಂದ ಸುಪ್ರೀಂ ಕೋರ್ಟಿನ ತೀರ್ಪನ್ನು ಇಡೀ ದೇಶದ ನ್ಯಾಯಾಲಯಗಳು ಇಂದಿಗೂ ಉದ್ಧರಿಸುತ್ತವೆ. ಉಯಿಲಿನಿಂದ ಲಾಭ ಪಡೆಯುವವರೇ ಮುಂದೆ ನಿಂತು ಅದನ್ನು ಬರೆಸಿದ್ದರೆ ಅದು ಅನುಮಾನಕ್ಕೆ ಎಡೆ ಕೊಡುತ್ತದೆ, ಆ ಅನುಮಾನವನ್ನು ಕಳೆಯುವ ಹೊಣೆ ಉಯಿಲನ್ನು ಮುಂದಿಡುವವರದೇ ಎಂದು ಆ ತೀರ್ಪು ಹೇಳುತ್ತದೆ. ಅದಕ್ಕೇ ನಾನು ಹಿರಿಮಗನನ್ನು ಕೋಣೆಯಿಂದ ಆಚೆ ಕಳಿಸುವುದು. ಅವನಿಗೆ ಬೇಜಾರಾಗುತ್ತದೆ. ನಾಳೆ ಅವನನ್ನು ಕಟಕಟೆಯಲ್ಲಿ ಉಳಿಸುವುದು ಅದೇ ಎಂದು ಆಮೇಲೆ ಕೂರಿಸಿಕೊಂಡು ವಿವರಿಸುತ್ತೇನೆ. ಸಾಕ್ಷಿಗೆ ಪಾಲು ಇಲ್ಲದವರನ್ನು, ಬರೆಸಿದವರಿಗಿಂತ ವಯಸ್ಸಿನಲ್ಲಿ ಚಿಕ್ಕವರನ್ನು, ಊರು ಬಿಟ್ಟು ಹೋಗದವರನ್ನು ಹುಡುಕಬೇಕು. ನೋಂದಣಿಯಾದ ಉಯಿಲಿಗೂ ಕೋರ್ಟಿನಲ್ಲಿ ಕನಿಷ್ಠ ಒಬ್ಬ ಸಾಕ್ಷಿ ಬಂದು ‘ನನ್ನೆದುರಿಗೇ ಹಾಕಿದರು’ ಎನ್ನಲೇಬೇಕು.

ಮಾರ್ಫಿನ್ ತೆಗೆದುಕೊಳ್ಳುತ್ತಿರುವವರ ವಿಷಯವನ್ನು ಇಲ್ಲಿ ಹೇಳಬೇಕು. ನೋವಿನ ಮದ್ದು ಕುಡಿಯುವವರ ಬುದ್ಧಿ ಸ್ತಿಮಿತದಲ್ಲಿಲ್ಲ ಎಂದು ಎದುರು ವಕೀಲರು ವಾದ ಹೂಡುತ್ತಾರೆ. ಕಾನೂನು ಹಾಗೆ ಹೇಳುವುದಿಲ್ಲ, ತಾನು ಏನು ಮಾಡುತ್ತಿದ್ದೇನೆಂದು ಆ ಹೊತ್ತಿಗೆ ತಿಳಿದಿದ್ದರೆ ಸಾಕು. ಹಾಗಾಗಿ ದಾದಿಯನ್ನೇ ಕೇಳುತ್ತೇನೆ, ಇವರು ಯಾವ ಹೊತ್ತಿನಲ್ಲಿ ಚುರುಕಾಗಿರುತ್ತಾರೆ ಎಂದು. ಬಹಳ ಜನಕ್ಕೆ ಬೆಳಿಗ್ಗೆ ಹತ್ತರ ಸುಮಾರು, ಗಂಜಿ ಕುಡಿದಾದ ಮೇಲೆ. ಅದೇ ಹೊತ್ತಿಗೆ ಹೋಗುತ್ತೇನೆ. ನೋಡುತ್ತಿರುವ ಡಾಕ್ಟರಿಂದ, ಇವರು ಸ್ವಸ್ಥ ಮನಸ್ಸಿನಿಂದಿದ್ದಾರೆ ಎಂದು ಅದೇ ದಿನದ ತಾರೀಕು ಹಾಕಿಸಿ ಎರಡು ಸಾಲು ಬರೆಸಿಕೊಳ್ಳುತ್ತೇನೆ. ಫೋನಿನಲ್ಲಿ ಐದು ನಿಮಿಷದ ವಿಡಿಯೋ ತೆಗೆಯುತ್ತೇನೆ. ಅದರಲ್ಲಿ ಆಸ್ತಿಯ ಮಾತಿಗಿಂತ ಮೊಮ್ಮಕ್ಕಳ ಹೆಸರು, ತೋಟದ ಗಡಿ, ಇವತ್ತು ಯಾವ ವಾರ ಎಂದು ಕೇಳುತ್ತೇನೆ.

ಉಯಿಲು ಇಲ್ಲದಿದ್ದರೆ ಏನಾಗುತ್ತದೆ ಎಂಬ ಲೆಕ್ಕವೂ ಜನರ ಮನಸ್ಸಿನಲ್ಲಿ ತಪ್ಪಿದೆ. ಹಿಂದೂ ಗಂಡಸು ಉಯಿಲಿಲ್ಲದೆ ಸತ್ತರೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಇವರ ಜೊತೆ ಅವನ ತಾಯಿಗೂ ಸಮ ಪಾಲು. ತಾಯಿಯ ಪಾಲಿನ ಮಾತು ಎತ್ತಿದರೆ ಸೊಸೆಯ ಮುಖ ಸಪ್ಪಗಾಗುತ್ತದೆ. ಆ ತಾಯಿ ತೀರಿಕೊಂಡಾಗ ಅವಳ ಪಾಲು ಮೈದುನ, ನಾದಿನಿಯರ ಕಡೆಗೂ ಹರಿಯುತ್ತದೆ, ವ್ಯಾಜ್ಯ ಅಲ್ಲಿಂದ ಹುಟ್ಟುತ್ತದೆ. ಪಿತ್ರಾರ್ಜಿತದಲ್ಲಿ ತನ್ನ ಪಾಲಿಗೆ ಮಾತ್ರ ಉಯಿಲು ಬರೆಯಬಹುದು. ಹೆಣ್ಣುಮಕ್ಕಳ ಪಾಲು 2005ರ ತಿದ್ದುಪಡಿಯಿಂದ ಅವರದೇ. ಮುಸಲ್ಮಾನರ ಮನೆಯಲ್ಲಿ ಲೆಕ್ಕ ಬೇರೆ. ವಾರಸುದಾರರ ಒಪ್ಪಿಗೆಯಿಲ್ಲದೆ ಮೂರರಲ್ಲೊಂದು ಪಾಲಿಗಿಂತ ಹೆಚ್ಚಿಗೆ ಉಯಿಲು ನಡೆಯುವುದಿಲ್ಲ. ‘ಮರ್ಜ್-ಉಲ್-ಮೌತ್’ ಎಂಬ ಸಾವಿನ ಕಾಯಿಲೆಯಲ್ಲಿ ಕೊಟ್ಟ ದಾನಕ್ಕೂ ಆ ಮಿತಿಯೇ. ಸಾಯುವ ಹಾಸಿಗೆಯ ಮೇಲಿರುವವರನ್ನು ಒಬ್ಬರು ಒತ್ತಾಯಿಸಿ ಎಲ್ಲವನ್ನೂ ಬರೆಸಿಕೊಳ್ಳದಂತೆ ಎಷ್ಟು ಹಿಂದೆಯೇ ಯೋಚಿಸಿದ್ದಾರೆ, ನೋಡಿ. ದಲಿತರ ಮಂಜೂರಾತಿ ಜಮೀನಿಗೆ ಉಯಿಲು ಬರೆಯುವಂತಿಲ್ಲ ಎಂಬ ತಪ್ಪು ತಿಳಿವಳಿಕೆಯೂ ಇದೆ. 1978ರ ಪಿಟಿಸಿಎಲ್ ಕಾಯ್ದೆ ಸರ್ಕಾರದ ಅನುಮತಿಯಿಲ್ಲದ ಮಾರಾಟ, ದಾನ, ಅಡಮಾನಗಳನ್ನು ತಡೆಯುತ್ತದೆ. ಕುಟುಂಬದೊಳಗಿನ ವಿಭಾಗವನ್ನೂ ಉಯಿಲನ್ನೂ ಕಾಯ್ದೆಯ ‘ಪರಭಾರೆ’ ಎಂಬ ಮಾತಿನಿಂದ ಹೊರಗಿಟ್ಟಿದೆ.

ಚಿಕ್ಕ ಮಕ್ಕಳಿರುವ ಮನೆಗೆ ಇನ್ನೊಂದು ಮಾತು. ಪ್ರೀತಿಯಿಂದ ‘ಎಲ್ಲಾ ನನ್ನ ಮಗೂಗೆ’ ಎಂದು ಬರೆಸುತ್ತಾರೆ. ಅಪ್ರಾಪ್ತರ ಹೆಸರಿಗೆ ಹೋದ ಮನೆ, ಜಮೀನನ್ನು ತಾಯಿ ಮಾರಬೇಕಾದರೂ ಅಡವಿಡಬೇಕಾದರೂ ಕೋರ್ಟಿನ ಅನುಮತಿ ಬೇಕು. ಆಸ್ಪತ್ರೆಯ ಸಾಲ ತೀರಿಸಲು ಒಂದು ಸೈಟು ಮಾರಬೇಕಾದ ವಿಧವೆಗೆ ಆ ಪ್ರೀತಿಯೇ ಬೇಡಿಯಾಗುತ್ತದೆ. ಹೆಂಡತಿಯ ಹೆಸರಿಗೇ ಬರೆಯುವುದು ಅಥವಾ ಸಾಲ ತೀರಿಸಲು ಇಂಥದ್ದನ್ನು ಮಾರಬಹುದೆಂದು ಉಯಿಲಿನಲ್ಲೇ ಹೇಳುವುದು ಮೇಲು. ಗಂಡನಿಲ್ಲದೆ ಒಬ್ಬಳೇ ಮಗುವನ್ನು ಸಾಕುತ್ತಿರುವ ತಾಯಿಗೇ ಕಾಯಿಲೆ ಬಂದರೆ, ತನ್ನ ನಂತರ ಮಗುವಿಗೆ ಪೋಷಕರು ಯಾರೆಂದು ಉಯಿಲಿನಲ್ಲಿ ಹೆಸರಿಸುವ ಹಕ್ಕು ಅವಳಿಗಿದೆ. ಸ್ತನ ಕ್ಯಾನ್ಸರಿನ ಒಬ್ಬ ಹೆಣ್ಣುಮಗಳು ಹೀಗೆ ತನ್ನ ತಂಗಿಯ ಹೆಸರು ಬರೆಸಿ, ‘ಇವತ್ತು ರಾತ್ರಿ ನಿದ್ದೆ ಬರುತ್ತೆ ಮೇಡಂ’ ಎಂದಿದ್ದಳು.

‘ಉಯಿಲು ಯಾಕೆ, ಈಗ್ಲೇ ದಾನಪತ್ರ ಮಾಡಿಸ್ಬಿಡಿ’ ಎಂದು ಅವಸರಪಡಿಸುವ ಮಕ್ಕಳಿರುತ್ತಾರೆ. ಕುಟುಂಬದೊಳಗಿನ ದಾನಕ್ಕೆ ನಮ್ಮ ರಾಜ್ಯದಲ್ಲಿ ಮುದ್ರಾಂಕ ಶುಲ್ಕ ಕಡಿಮೆ, ಆಸ್ತಿಯ ಬೆಲೆಯ ಶೇಕಡಾವಾರು ಲೆಕ್ಕವಿಲ್ಲ, ನಿಗದಿತ ಸಣ್ಣ ಮೊತ್ತ ಅಷ್ಟೇ. ಹಾಗಾಗಿ ಆಸೆ ಹುಟ್ಟುವುದು ಸಹಜ. ಆದರೆ ದಾನಪತ್ರ ನೋಂದಣಿಯಾದ ಕ್ಷಣಕ್ಕೆ ಆಸ್ತಿ ಕೈಬಿಟ್ಟು ಹೋಗುತ್ತದೆ. ಉಯಿಲನ್ನು ಉಸಿರಿರುವ ತನಕ ಬದಲಾಯಿಸಬಹುದು. ಬರೆದುಕೊಟ್ಟ ಮೇಲೆ ಮೂತ್ರದ ಚೀಲ ಬದಲಿಸುವವರಿಲ್ಲದೆ ಮಲಗಿದ್ದವರನ್ನು ಕಂಡಿದ್ದೇನೆ. ಕೊಡಲೇಬೇಕೆಂದರೆ, ನನ್ನನ್ನೂ ನನ್ನ ಹೆಂಡತಿಯನ್ನೂ ಕೊನೆತನಕ ನೋಡಿಕೊಳ್ಳಬೇಕೆಂಬ ಷರತ್ತನ್ನು ಪತ್ರದಲ್ಲೇ ಬರೆಸಬೇಕು. ಆಗ ಹಿರಿಯ ನಾಗರಿಕರ 2007ರ ಕಾಯ್ದೆಯ 23ನೇ ಕಲಂ ಕೆಳಗೆ ಉಪವಿಭಾಗಾಧಿಕಾರಿಗಳ ಮುಂದೆ ಹೋಗಿ ಅದನ್ನು ರದ್ದು ಮಾಡಿಸಲು ದಾರಿ ಇರುತ್ತದೆ.

ಜನರಲ್ ಪವರ್ ಆಫ್ ಅಟಾರ್ನಿ, ಅಂದರೆ ಜಿಪಿಎ, ಮಾಡಿಸಿಟ್ಟುಕೊಂಡರೆ ಸಾಕೆಂಬ ನಂಬಿಕೆಯನ್ನು ಇವತ್ತು ಇಲ್ಲಿಯೇ ಬಿಟ್ಟು ಹೋಗಿ. ಕೊಟ್ಟವರು ಸತ್ತರೆ ಅಧಿಕಾರ ಪತ್ರವೂ ಸತ್ತಂತೆ. ಬುದ್ಧಿ ತಪ್ಪಿದರೂ ಅಷ್ಟೇ ಎಂದು ಕರಾರು ಕಾಯ್ದೆಯ 201ನೇ ಕಲಂ ಹೇಳುತ್ತದೆ. ಯಾವ ದಿನ ಅದು ನಿಜವಾಗಿ ಬೇಕಾಗುತ್ತದೋ ಆ ದಿನವೇ ಅದು ಬರೀ ಕಾಗದ. ಪ್ರಜ್ಞೆ ತಪ್ಪಿ ಮಲಗಿದವರ ಪರವಾಗಿ ವ್ಯವಹರಿಸಲು ಹೈಕೋರ್ಟಿಗೆ ರಿಟ್ ಅರ್ಜಿ ಹಾಕಬೇಕಾಗಿ ಬರುತ್ತದೆ. ಹಳ್ಳಿಯಲ್ಲಿ ಕೂತ ಹೆಂಡತಿಗೆ ಹೈಕೋರ್ಟು ಎಷ್ಟು ದೂರ ಎಂದು ನಿಮಗೆ ನಾನು ಹೇಳಬೇಕೇ? ಅದರ ಬದಲು ಇವತ್ತೇ ಬ್ಯಾಂಕಿಗೆ ಹೋಗಿ ಖಾತೆಯನ್ನು ಗಂಡಹೆಂಡಿರ ಜಂಟಿ ಖಾತೆ ಮಾಡಿಸಿ, ಇಬ್ಬರಲ್ಲಿ ಯಾರಾದರೂ ಅಥವಾ ಉಳಿದವರು ತೆಗೆಯುವಂತೆ. ಖರ್ಚು ಏನೂ ಇಲ್ಲ. ಸಹಿ ಮಾಡಲಾಗದ ಕಾಯಿಲೆಯವರಿಂದ ಹೆಬ್ಬೆಟ್ಟು ಪಡೆಯಬಹುದು, ಕೈಯೇ ಬಾರದಿದ್ದರೆ ಕಾಲಿನ ಹೆಬ್ಬೆರಳ ಗುರುತನ್ನೂ ಒಪ್ಪಬೇಕು ಎಂದು ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಹೇಳಿದೆ. ಇಬ್ಬರು ಸಾಕ್ಷಿ ಬೇಕು, ಅವರಲ್ಲಿ ಒಬ್ಬರು ಬ್ಯಾಂಕಿನವರಾಗಿರಬೇಕು. ಲಕ್ವ ಹೊಡೆದ ಒಬ್ಬ ಟೈಲರ್ ಹೀಗೆ ಕಾಲ ಬೆರಳೊತ್ತಿ ತನ್ನ ಔಷಧಿಗೆ ತಾನೇ ದುಡ್ಡು ತೆಗೆದುಕೊಟ್ಟದ್ದನ್ನು ನಾನು ನೋಡಿದ್ದೇನೆ. ಮಂಚದ ತುದಿಯಲ್ಲಿ ಮೊಣಕಾಲೂರಿ ಇಂಕ್ ಪ್ಯಾಡ್ ಹಿಡಿದಿದ್ದವರು ಆ ಶಾಖೆಯ ಮ್ಯಾನೇಜರೇ.

ನಾಮಿನಿ ಎಂದರೆ ಮಾಲೀಕ ಅಲ್ಲ. ಬ್ಯಾಂಕಿನ ಹಣವನ್ನು ಕೈಗೆ ತೆಗೆದುಕೊಂಡು ವಾರಸುದಾರರಿಗೆ ತಲುಪಿಸುವ ಜವಾಬ್ದಾರಿ ಹೊತ್ತವರು ಅಷ್ಟೇ. ಜೀವವಿಮೆಯ ವಿಷಯದಲ್ಲಿ ಸುಪ್ರೀಂ ಕೋರ್ಟು 1983ರ ಸರ್ಬತಿ ದೇವಿ ಪ್ರಕರಣದಲ್ಲೇ ಹೀಗೆಂದಿತ್ತು. ಆಮೇಲೆ 2015ರಲ್ಲಿ ವಿಮಾ ಕಾಯ್ದೆಯನ್ನು ತಿದ್ದಿ, ತಂದೆತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು ನಾಮಿನಿಯಾಗಿದ್ದರೆ ಹಣ ಅವರದೇ ಎಂದು ಮಾಡಿದರು. ಬ್ಯಾಂಕ್ ಠೇವಣಿಗೆ 2025ರ ನವೆಂಬರ್ 1ರಿಂದ ನಾಲ್ಕು ಜನರ ತನಕ ನಾಮಿನಿ ಮಾಡಬಹುದು, ಯಾರಿಗೆ ಶೇಕಡಾ ಎಷ್ಟು ಎಂದೂ ಬರೆಯಬಹುದು. ನಾಮಿನಿಯ ಹೆಸರನ್ನೂ ಉಯಿಲಿನ ಹೆಸರನ್ನೂ ಒಂದಕ್ಕೊಂದು ತಾಳೆ ನೋಡಿ. ಎರಡು ಕಾಗದ ಎರಡು ಕಡೆ ಎಳೆದರೆ ಅಣ್ಣತಮ್ಮಂದಿರೂ ಎರಡು ಕಡೆ ಎಳೆಯುತ್ತಾರೆ.

ಚಿಕಿತ್ಸೆಗೆಂದು ಜಮೀನು ಮಾರುವ ಮುಂಚೆ ಎರಡು ದಿನ ತಡೆಯಿರಿ. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದ ತನಕ ಚಿಕಿತ್ಸೆಯಿದೆ. ಕೊನೆಯ ಹಂತದ ಕ್ಯಾನ್ಸರ್ ರೋಗಿಗಳ ಆರೈಕೆಗೆ ಬೆಂಗಳೂರಿನ ಕರುಣಾಶ್ರಯ ಒಂದು ರೂಪಾಯಿ ತೆಗೆದುಕೊಳ್ಳುವುದಿಲ್ಲ. ಅಷ್ಟಾದರೂ ಮಾರಲೇಬೇಕಾಗಿ ಬಂದರೆ, ಕ್ರಯಪತ್ರದಲ್ಲಿ ‘ಕುಟುಂಬದ ಯಜಮಾನರ ಚಿಕಿತ್ಸೆಗಾಗಿ’ ಎಂದು ಸ್ಪಷ್ಟವಾಗಿ ಬರೆಸಿ, ಹೆಣ್ಣುಮಕ್ಕಳನ್ನೂ ಸೇರಿಸಿ ಎಲ್ಲರ ಸಹಿ ಹಾಕಿಸಿ, ಆಸ್ಪತ್ರೆಯ ಬಿಲ್ಲುಗಳನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ಹತ್ತು ವರ್ಷದ ಮೇಲೆ ಆ ಮಾರಾಟವನ್ನು ಪ್ರಶ್ನಿಸಿ ದಾವೆ ಬಂದಾಗ ಕುಟುಂಬದ ಕಾನೂನುಬದ್ಧ ಅಗತ್ಯವನ್ನು ಸಾಬೀತು ಮಾಡುವುದು ಆ ಚೀಲವೇ.

ಆಸ್ತಿಯ ಮಾತು ಸಾಕು. ಮೈಯ ಮಾತಿಗೆ ಬರುತ್ತೇನೆ. ಹೊನ್ನಾವರ ತಾಲ್ಲೂಕಿನ ಹಳದೀಪುರದ ಹುಡುಗಿ ಅರುಣಾ ಶಾನಭಾಗ್ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. 1973ರ ನವೆಂಬರಿನಲ್ಲಿ ಅಲ್ಲಿಯೇ ಅವರ ಮೇಲೆ ಅಮಾನುಷ ಹಲ್ಲೆ ನಡೆಯಿತು. 2015ರ ಮೇ 18ರಂದು ತೀರಿಕೊಳ್ಳುವ ತನಕ, ನಲವತ್ತೊಂದು ವರ್ಷ ದಾಟಿ, ಹಾಸಿಗೆಯಿಂದ ಏಳಲಿಲ್ಲ. 2011ರಲ್ಲಿ ಅವರ ವಿಷಯ ಸುಪ್ರೀಂ ಕೋರ್ಟಿಗೆ ಬಂದಾಗ ದೊಡ್ಡ ಪ್ರಶ್ನೆಗಳಲ್ಲಿ ಒಂದು, ಅವರ ಪರವಾಗಿ ಮಾತಾಡುವ ಹಕ್ಕು ಯಾರಿಗೆ ಎಂಬುದು. ಅರ್ಜಿ ಹಾಕಿದ ಲೇಖಕಿಗೋ, ಅಷ್ಟು ವರ್ಷ ತೊಳೆದು ಬಳಿದು ಸಾಕಿದ ಆಸ್ಪತ್ರೆಯ ಸಿಬ್ಬಂದಿಗೋ? ಸಿಬ್ಬಂದಿಗೇ ಎಂದಿತು ಕೋರ್ಟು. ಅರುಣಾಗೆ ಏನು ಬೇಕಿತ್ತು ಎಂಬುದನ್ನು ಹೇಳುವ ಒಂದು ಸಾಲು ಎಲ್ಲಿಯೂ ಇರಲಿಲ್ಲ. ಇಪ್ಪತ್ತೈದರ ಆಸುಪಾಸಿನ ಹುಡುಗಿ ಅಂಥ ಸಾಲನ್ನು ಯಾಕೆ ಬರೆದಿಟ್ಟಾಳು?

ಆ ಸಾಲು ಬರೆಯಲು ಈಗ ದಾರಿ ಇದೆ. 2018ರ ಮಾರ್ಚ್ 9ರಂದು ಐವರು ನ್ಯಾಯಮೂರ್ತಿಗಳ ಪೀಠ, ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನ ಭಾಗ ಎಂದು ಹೇಳಿ, ಮುಂಗಡ ವೈದ್ಯಕೀಯ ನಿರ್ದೇಶನಕ್ಕೆ ಮಾನ್ಯತೆ ಕೊಟ್ಟಿತು. ಮೊದಲು ಅದಕ್ಕೆ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು, ಹಾಗಾಗಿ ಯಾರೂ ಬರೆಯುತ್ತಿರಲಿಲ್ಲ. 2023ರ ಜನವರಿಯಲ್ಲಿ ಅದನ್ನು ಸಡಿಲಿಸಿದರು. ಈಗ ಇಬ್ಬರು ಸಾಕ್ಷಿಗಳು, ಒಬ್ಬ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಸಾಕು. ವಾಸಿಯಾಗುವ ಆಸೆ ಇಲ್ಲದಾಗ ವೆಂಟಿಲೇಟರ್ ಹಾಕಬೇಕೋ ಬೇಡವೋ, ನನಗೆ ಮಾತು ಬಾರದಿದ್ದಾಗ ನನ್ನ ಪರವಾಗಿ ತೀರ್ಮಾನ ಹೇಳುವವರು ಯಾರು ಎಂದು ಬರೆಯಬಹುದು. ಅದರ ಮೇಲೆ ಆಸ್ಪತ್ರೆಯಲ್ಲಿ ಎರಡು ವೈದ್ಯ ಮಂಡಳಿಗಳು ಕೂತು ಪರಿಶೀಲಿಸುತ್ತವೆ, ಯಾರೋ ಒಬ್ಬರ ಮರ್ಜಿಗೆ ಬಿಟ್ಟಿಲ್ಲ. ನೋವಿನ ಮದ್ದನ್ನಂತೂ ಯಾರೂ ನಿಲ್ಲಿಸುವುದಿಲ್ಲ. 2025ರ ಜನವರಿ 30ರಂದು ಕರ್ನಾಟಕದ ಆರೋಗ್ಯ ಇಲಾಖೆ ಇದನ್ನು ಜಾರಿಗೆ ತರಲು ಆದೇಶ ಹೊರಡಿಸಿತು. ಇದನ್ನು ದಯಾಮರಣ ಎಂದು ಕರೆದು ಹೆದರಿಸುವವರಿದ್ದಾರೆ. ಗಂಜಿಯಿಂದ ಹಿಡಿದು ಶ್ರಾದ್ಧದ ಎಡೆಯ ತನಕ ಯಾರಿಗೆ ಏನು ಬೇಕೆಂದು ಕೇಳಿ ಬಡಿಸುವ ನಾವು, ಕೊನೆಯ ದಿನಗಳ ವಿಷಯದಲ್ಲಿ ಮಾತ್ರ ಕೇಳದೆಯೇ ಬಡಿಸುತ್ತಿದ್ದೇವೆ ಎಂದು ನನಗೆ ಅನ್ನಿಸುತ್ತದೆ.

ಇದಕ್ಕೆಲ್ಲ ವಕೀಲರು ಬೇಕಲ್ಲ, ದುಡ್ಡು ಎಲ್ಲಿಂದ ಎಂದು ಕೇಳುತ್ತೀರಿ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಉಚಿತ ನೆರವು ಪಡೆಯುವವರಲ್ಲಿ ಹೆಂಗಸರೆಲ್ಲರೂ ಇದ್ದಾರೆ. ಅವರ ಆದಾಯ ಕೇಳುವಂತಿಲ್ಲ. ಪರಿಶಿಷ್ಟ ಜಾತಿ, ಪಂಗಡದವರು, ಅಂಗವಿಕಲರು, ಕಾರ್ಖಾನೆಯ ಕಾರ್ಮಿಕರು, ಮಕ್ಕಳು, ಆದಾಯ ಕಡಿಮೆ ಇರುವವರು ಎಲ್ಲರೂ ಅದರಲ್ಲಿ ಬರುತ್ತಾರೆ. ತಾಲ್ಲೂಕಿನ ಕೋರ್ಟಿನ ಆವರಣದಲ್ಲೇ ಕಾನೂನು ಸೇವೆಗಳ ಸಮಿತಿಯ ಕೋಣೆ ಇರುತ್ತದೆ. 15100 ಎಂಬ ಸಂಖ್ಯೆಗೆ ಫೋನು ಮಾಡಿದರೂ ಆದೀತು. ಹೆಂಡತಿಯ ಕೈಯಲ್ಲೇ ಅರ್ಜಿ ಬರೆಸಿ ಎಂದು ನಾನು ಹೇಳುವುದು ಈ ಕಾರಣಕ್ಕೇ. ಆದರೆ ನಮ್ಮ ಸಮಿತಿಗಳ ಮೇಲೆ ನನ್ನದೊಂದು ತಕರಾರು ಇದೆ. ಜೈಲಿಗೆ ಹೋಗುತ್ತೇವೆ, ಶಾಲೆಗೆ ಹೋಗುತ್ತೇವೆ, ಸಂತೆಯಲ್ಲಿ ಪೆಂಡಾಲು ಹಾಕಿ ಅರಿವು ಮೂಡಿಸುತ್ತೇವೆ. ಕ್ಯಾನ್ಸರ್ ವಾರ್ಡಿಗೆ ಹೋಗುವುದಿಲ್ಲ. ಅಲ್ಲಿ ಕೂತವರಿಗೆ ಕಚೇರಿಗೆ ಬರುವ ಕಾಲಿಲ್ಲ, ದಿನವೂ ಇಲ್ಲ. ವಾರಕ್ಕೊಂದು ಮಧ್ಯಾಹ್ನ ಒಬ್ಬ ವಕೀಲರು ಹೋಗಿ ಕೂತರೆ, ಕೂತ ಕಡೆಯೇ ನೂರು ದಾವೆಗಳು ಹುಟ್ಟದೇ ಉಳಿಯುತ್ತವೆ. ನಾನು ಕೇಳಿದ್ದೇನೆ, ಇನ್ನೂ ಕೇಳುತ್ತಲೇ ಇರುತ್ತೇನೆ. ಅಲ್ಲಿಯ ತನಕ ದಾದಿಯರೇ, ಆ ಫೋನು ನೀವು ಮಾಡಬೇಕು.

ಒಬ್ಬ ದಾದಿ ಹಾಗೆ ಮಾಡಿದ ಫೋನಿನಿಂದಲೇ ನಾನು ಹೋದ ವರ್ಷ ಒಂದು ಹಳ್ಳಿಗೆ ಹೋದೆ. ತೆಂಗಿನ ತೋಟದ ನಡುವಿನ ಮನೆ. ಯಜಮಾನರಿಗೆ ಶ್ವಾಸಕೋಶದ ಕ್ಯಾನ್ಸರ್. ಮಕ್ಕಳು ಗೇಟಿನ ಹತ್ತಿರವೇ ನಿಲ್ಲಿಸಿ, ‘ಅಪ್ಪಾಜಿಗೆ ಕಫ ಕಟ್ಟಿದೆ ಅಂತ ಹೇಳಿದೀವಿ, ನೀವೂ ಹಂಗೇ ಅನ್ನಿ’ ಎಂದರು. ಸಾಕ್ಷಿಗೆಂದು ಊರಿನ ಶಾಲೆಯ ಮೇಷ್ಟ್ರೂ ಪಕ್ಕದ ತೋಟದವರೂ ಬಂದಿದ್ದರು. ಮಕ್ಕಳನ್ನು ಕೊಟ್ಟಿಗೆಯ ಕಡೆ ಕಳಿಸಿ ಬಾಗಿಲು ಮುಂದೆ ಮಾಡಿ ಕೇಳಿದೆ.

‘ಯಜಮಾನ್ರೇ, ನಿಮಗೆ ಏನಾಗಿದೆ ಅಂತ ಗೊತ್ತಾ?’

‘ನಂಗೆ ಗೊತ್ತು ಕಣವ್ವ. ನಂಗೆ ಗೊತ್ತು ಅನ್ನೋದು ಅವ್ರಿಗೆ ಗೊತ್ತಿಲ್ಲ, ಪಾಪ.’

ಆಮೇಲೆ ಒಂದು ಗಂಟೆ ಹೇಳಿದರು, ನಡುನಡುವೆ ಉಸಿರು ಹಿಡಿದು. ಮನೆ ಹೆಂಡತಿಗೆ, ಅವಳು ಇರುವ ತನಕ ಯಾರೂ ಎಬ್ಬಿಸುವಂತಿಲ್ಲ. ತೋಟ ಮೂರು ಪಾಲು, ಮಗಳಿಗೆ ಬಾವಿಯ ಕಡೆಯದು. ಗೊಬ್ಬರದ ಅಂಗಡಿಗೆ ಹನ್ನೊಂದು ಸಾವಿರ ಕೊಡಬೇಕು, ಚೀಟಿ ಇಲ್ಲ, ಬಾಯಿಮಾತಿನ ಸಾಲ, ಮೊದಲು ಅದು ತೀರಬೇಕು. ಕೆಳಗಿನ ಮನೆಯವರಿಗೆ ನಲವತ್ತು ಸಾವಿರ ಕೊಟ್ಟಿದ್ದೇನೆ, ಅದನ್ನು ಕೇಳಬಾರದು, ಹೆಣ್ಣುಮಗಳ ಮದುವೆಗೆ ಕೊಟ್ಟದ್ದು. ಬರೆದುಕೊಂಡು ಓದಿ ಹೇಳಿದೆ. ಒಂದು ಕಡೆ ತಿದ್ದಿಸಿದರು, ಸರ್ವೆ ನಂಬರಿನಲ್ಲಿ ನಾನು ತಪ್ಪು ಮಾಡಿದ್ದೆ. ಓದುಬರಹ ಬಲ್ಲವರೇ, ಆದರೆ ಕೈ ಊದಿಕೊಂಡು ಪೆನ್ನು ನಿಲ್ಲುತ್ತಿರಲಿಲ್ಲ. ಎಡಗೈ ಹೆಬ್ಬೆಟ್ಟು ಒತ್ತಿದರು. ಮೇಷ್ಟ್ರೂ ಪಕ್ಕದವರೂ ಸಹಿ ಹಾಕಿದರು. ನಾನು ಸೀರೆಯ ಸೆರಗಿನಿಂದ ಬೆರಳಿನ ಮಸಿ ಒರೆಸಲು ಹೋದೆ. ಕೈ ಹಿಂದಕ್ಕೆ ಎಳೆದುಕೊಂಡರು.

‘ಒರೆಸ್ಬ್ಯಾಡ ಕಣವ್ವ, ಇರ್ಲಿ. ಸಂಜೆ ಬಸ್ಸಿಗೆ ಮಗಳು ಬತ್ತಾಳೆ, ತೋರಿಸ್ಬೇಕು.’